ಸುತ್ತ, ಮೇಲೆ, ಕೆಳಗೆ: ಸುಲ್ತಾನ್‌ಪೇಟೆಗೆ ದಾರಿ ಹುಡುಕಿದ ಕಥೆ

ಲಗ್ನಪತ್ರಿಕೆ, ಕಾಗದ, ನೋಟ್‌ಬುಕ್ ಸಗಟಿಗೆ ಬೇಕೆಂದರೆ ನಮ್ಮ ತಾಲ್ಲೂಕುಗಳ ಅಂಗಡಿಯವರು ಬೆಂಗಳೂರಿನ ಸುಲ್ತಾನ್‌ಪೇಟೆಯ ಕಡೆಗೆ ಹೋಗುತ್ತಾರೆ. ಹೋಗಿ ಬಂದವರೆಲ್ಲ ಹೇಳುವುದು ಒಂದೇ ಮಾತು: ಅಲ್ಲಿ ಕಾಲಿಡಲು ಜಾಗವಿಲ್ಲ. ಈ ದೂರು ಹಳೆಯದು. ಅದಕ್ಕೆ ಹುಡುಕಿದ ಪರಿಹಾರಗಳಿಗೂ ಶತಮಾನ ದಾಟಿದೆ.

ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟಿಸಿದಾಗ ನಾಲ್ಕು ಜೋಡಿ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಹೂಡಿಸಿ ಬೀದಿ ಗುರುತಿಸಿದರೆಂಬುದು ಐತಿಹ್ಯ. ದೊಡ್ಡಪೇಟೆ, ಚಿಕ್ಕಪೇಟೆ ಬೀದಿಗಳು ಕೂಡುವ ಚೌಕವೇ ಅದರ ನಡು. ಹಲಸೂರು, ಸೊಂಡೆಕೊಪ್ಪ, ಯಲಹಂಕ, ಆನೇಕಲ್ ಹೆಸರಿನ ಬಾಗಿಲುಗಳತ್ತ ಬೀದಿಗಳು ಹೋಗುತ್ತಿದ್ದವು. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ತರಗುಪೇಟೆ ಎಂಬ ಹೆಸರುಗಳೇ ಅಲ್ಲಿ ನಡೆಯುತ್ತಿದ್ದ ವ್ಯಾಪಾರವನ್ನು ಹೇಳುತ್ತವೆ. ಈ ಬೀದಿಗಳು ಪೇಟೆಯನ್ನು ದಾಟಿ ಹೋಗುವವರಿಗಿಂತ ಪೇಟೆಗೇ ಬರುವವರಿಗಾಗಿ ಇದ್ದವು. ಮುಂದಿನ ಯೋಜನೆಗಳು ಮರೆತದ್ದು ಇದನ್ನೇ.

19ನೇ ಶತಮಾನದ ಕೊನೆಗೆ ಪೇಟೆಯ ಪಶ್ಚಿಮಕ್ಕೆ ರೈಲು ನಿಲ್ದಾಣ ಬಂತು. ದಕ್ಷಿಣದಲ್ಲಿ, ಸಿದ್ದಿಕಟ್ಟೆ ಕೆರೆಯಿದ್ದ ಜಾಗದಲ್ಲಿ, ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿತು. ಆಮೇಲೆ ಧರ್ಮಾಂಬುಧಿ ಕೆರೆಯ ಅಂಗಳ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಒಂದು ಕಡೆ ರೈಲು ಮತ್ತು ಬಸ್ಸು, ಇನ್ನೊಂದು ಕಡೆ ಮಾರುಕಟ್ಟೆ. ನಡುವೆ ಸುಲ್ತಾನ್‌ಪೇಟೆಯಂಥ ಗಲ್ಲಿಗಳು ಸಿಕ್ಕಿಕೊಂಡವು.

ದಟ್ಟಣೆ ತಗ್ಗಿಸುವ ಮೊದಲ ದೊಡ್ಡ ಪ್ರಯತ್ನ ರಸ್ತೆಯದಲ್ಲ, ಬಡಾವಣೆಯದು. 1892ರಲ್ಲಿ ಚಾಮರಾಜಪೇಟೆ ಆಯಿತು. 1898ರ ಆಗಸ್ಟ್‌ನಲ್ಲಿ ಊರಿಗೆ ಪ್ಲೇಗ್ ಬಂದ ಮೇಲೆ ಬಸವನಗುಡಿ, ಮಲ್ಲೇಶ್ವರಗಳ ಕೆಲಸ ಚುರುಕಾಯಿತು. ನೇರ ರಸ್ತೆ, ಅಡ್ಡರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಎಲ್ಲವೂ ಅಳತೆಯಂತೆ. ಅನುಕೂಲವಿದ್ದ ಅನೇಕರು ಅಲ್ಲಿಗೆ ಮನೆ ಬದಲಿಸಿದರು. ಆದರೆ ಅಂಗಡಿಗಳು ಪೇಟೆಯಲ್ಲೇ ಉಳಿದವು. ಮನೆ ಒಂದು ಕಡೆ, ದುಡಿಮೆ ಒಂದು ಕಡೆ ಆದಮೇಲೆ ಬೆಳಿಗ್ಗೆ ಸಂಜೆ ಓಡಾಟ ಇನ್ನೂ ಹೆಚ್ಚಿತು.

ಆಮೇಲೆ ಮೇಲಿನ ದಾರಿ. 1999ರಲ್ಲಿ ಟೌನ್‌ಹಾಲ್ ಕಡೆಯಿಂದ ಸಿರ್ಸಿ ವೃತ್ತದವರೆಗೆ ಸುಮಾರು 2.65 ಕಿ.ಮೀ. ಉದ್ದದ ಮೇಲ್ಸೇತುವೆ ತೆರೆಯಿತು. ಮೈಸೂರು ರಸ್ತೆಯ ವಾಹನಗಳು ಮಾರುಕಟ್ಟೆಯ ತಲೆಯ ಮೇಲೆ ದಾಟಿದವು. ದಾಟಿಹೋಗುವವರಿಗೆ ಅದು ನಿಜವಾದ ಉಪಕಾರ. ಮಾರುಕಟ್ಟೆಗೇ ಬರುವ ಸೊಪ್ಪಿನ ಲಾರಿ, ಬಂಡಲ್ ಹೊತ್ತ ಟೆಂಪೊ ಮಾತ್ರ ಕೆಳಗೇ ಉಳಿದವು.

ಬಳಿಕ ಅಗಲಿಸುವ ಮಾತು. ಈಗ ಅವೆನ್ಯೂ ರಸ್ತೆ ಎನ್ನುವ ದೊಡ್ಡಪೇಟೆಯನ್ನು ಒಡೆದು ಅಗಲಿಸಲು ಪಾಲಿಕೆ 2009ರ ಸುಮಾರಿಗೆ ಹೊರಟಾಗ ವರ್ತಕರು ಬೀದಿಗಿಳಿದರು. ಬಿಟ್ಟುಕೊಡುವ ಜಾಗಕ್ಕೆ ಟಿಡಿಆರ್, ಅಂದರೆ ಬೇರೆಡೆ ಹೆಚ್ಚುವರಿ ಕಟ್ಟಿಕೊಳ್ಳುವ ಅಥವಾ ಮಾರಿಕೊಳ್ಳುವ ಹಕ್ಕು, ಕೊಡುವ ವ್ಯವಸ್ಥೆ ಇತ್ತು. ಆದರೆ ಅದು ಸಿಗುವುದು ಜಾಗದ ಮಾಲೀಕನಿಗೆ. ಹತ್ತಡಿ ಅಂಗಡಿಯನ್ನು ತಲೆಮಾರುಗಳಿಂದ ಬಾಡಿಗೆಗೆ ನಡೆಸುವವನಿಗೆ, ಅದರ ಮುಂದೆ ಮೂಟೆ ಇಳಿಸುವ ಹಮಾಲಿಗೆ ಆ ಪತ್ರದಿಂದ ಏನೂ ಬರುವುದಿಲ್ಲ. ರಸ್ತೆ ಅಗಲವಾಗುವುದೆಂದರೆ ಅವರ ಪಾಲಿಗೆ ಬದುಕು ಕಿರಿದಾಗುವುದು.

ಕೊನೆಗೆ ಕೆಳಗಿನ ದಾರಿ. 2017ರ ಜೂನ್‌ನಲ್ಲಿ ಚಿಕ್ಕಪೇಟೆಯ ನೆಲದಡಿ ಮೆಟ್ರೊ ಓಡಿತು. ಅಂಗಡಿ ಸಾಲು ಉಳಿಯಿತು, ಜನ ಬಂದಿಳಿದರು. ಮೂಟೆಗಳು ಮೆಟ್ರೊ ಹತ್ತುವುದಿಲ್ಲವಲ್ಲ; ಅವು ಇಂದಿಗೂ ತಳ್ಳುಗಾಡಿ, ಆಟೊಗಳಲ್ಲೇ ಗಲ್ಲಿ ಸೇರುತ್ತವೆ. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಯ ಮಾತು ನಡೆದಿದೆ. ಅದೂ ದಾಟಿಹೋಗುವವರ ದಾರಿಯೇ.

ಈ ಸಾಲನ್ನು ನೋಡಿದರೆ ನಮಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದಟ್ಟಣೆಯಲ್ಲಿ ಎರಡು ಬಗೆ: ಊರನ್ನು ದಾಟುವವರದು, ಊರಿಗೇ ಬರುವವರದು. ಮೊದಲನೆಯದಕ್ಕೆ ಹೊಸ ರಸ್ತೆ ಮದ್ದಾದೀತು. ಎರಡನೆಯದಕ್ಕೆ ಬೇಕಾದದ್ದು ಸರಕು ಇಳಿಸಲು ಗೊತ್ತಾದ ಹೊತ್ತು, ಅಂಚಿನಲ್ಲಿ ಗೋದಾಮು, ನಡೆಯಲು ಪಾದಚಾರಿ ಮಾರ್ಗ. ಅಗ್ಗದ ಕೆಲಸಗಳಿವು, ಆದರೆ ಶಂಕುಸ್ಥಾಪನೆಯ ಕಲ್ಲಿಗೆ ಒದಗುವುದಿಲ್ಲ.

ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಬೈಪಾಸ್ ನಕ್ಷೆ ಬಿಡಿಸುವ ಕಾಲವಿದು. ಯಾರ ಹೊಲದ ಮೇಲೆ ಗೆರೆ ಬೀಳುತ್ತದೆ ಎಂಬುದನ್ನು ನಾವು ವರದಿ ಮಾಡುತ್ತೇವೆ, ಮಾಡಲೇಬೇಕು. ಅದರ ಜೊತೆಗೆ ಅಧಿಕಾರಿಗಳನ್ನು ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಸಂತೆ ಬೀದಿಯಲ್ಲಿ ನಿಂತ ಲಾರಿಗಳಲ್ಲಿ ಎಷ್ಟು ಊರು ದಾಟುವವು, ಎಷ್ಟು ಅಲ್ಲೇ ಸರಕು ಇಳಿಸುವವು? ಆ ಎಣಿಕೆ ಮಾಡದೆ ಎಳೆದ ಗೆರೆ ಹೊಲವನ್ನೂ ನುಂಗುತ್ತದೆ, ಸಂತೆ ಬೀದಿಯನ್ನೂ ಹಾಗೆಯೇ ಬಿಡುತ್ತದೆ.