ನೇರ ಅಳತೆ ಮತ್ತು ಪರೋಕ್ಷ ಅಳತೆ

ಅಳೆಯಬೇಕಾದ ವಸ್ತುವಿಗೇ ಏಕಮಾನವನ್ನು ತಾಗಿಸಿ ಎಣಿಸುವುದು ನೇರ ಅಳತೆ. ಕೈಗೆಟುಕುವ ಬೇರೆ ಅಳತೆಗಳನ್ನು ತೆಗೆದುಕೊಂಡು, ಅವುಗಳ ಸಂಬಂಧದಿಂದ ಎಟುಕದ್ದನ್ನು ಲೆಕ್ಕಹಾಕಿ ಪಡೆಯುವುದು ಪರೋಕ್ಷ ಅಳತೆ. ಮೇಜಿನ ಉದ್ದವನ್ನು ಟೇಪು ಹಿಡಿದು ನೋಡುವುದು ಮೊದಲನೆಯ ಬಗೆಯದು, ತೆಂಗಿನ ಮರದ ಎತ್ತರವನ್ನು ನೆರಳಿನಿಂದ ಕಂಡುಹಿಡಿಯುವುದು ಎರಡನೆಯದು. ಶಾಲಾ ಪುಸ್ತಕಗಳಲ್ಲಿ ಈ ಗಡಿ ಎಲ್ಲ ಕಡೆಯೂ ಒಂದೇ ಜಾಗದಲ್ಲಿಲ್ಲ. ನೆಲದ ಮೇಲೆ ಚೌಕಗಳನ್ನು ಹರಡಿ ಎಣಿಸಿದರೆ ವಿಸ್ತೀರ್ಣ ನೇರವಾಗಿ ಸಿಗುತ್ತದೆ. ಉದ್ದ ಅಗಲಗಳನ್ನು ಗುಣಿಸಿದರೆ ಅದೇ ವಿಸ್ತೀರ್ಣ, ವ್ಯಾಖ್ಯೆಯನ್ನು ಬಿಗಿಯಾಗಿ ಹಿಡಿದರೆ, ಪರೋಕ್ಷ. ಆದರೂ ವಿಸ್ತೀರ್ಣದ ಪಾಠವನ್ನು ಯಾರೂ ಪರೋಕ್ಷ ಅಳತೆಯೆಂದು ಕರೆಯುವುದಿಲ್ಲ. ಆ ಹೆಸರು ಸಮರೂಪ ತ್ರಿಭುಜಗಳಿಗೂ ತ್ರಿಕೋನಮಿತಿಗೂ ಮೀಸಲಾಗಿದೆ.

ಇನ್ನೊಂದು ಗೊಂದಲ ಭೌತವಿಜ್ಞಾನದ ಕಡೆಯಿಂದ ಬಂದದ್ದು. ನಾರ್ಮನ್ ಕ್ಯಾಂಪ್‌ಬೆಲ್ 1920ರಲ್ಲಿ ಪರಿಮಾಣಗಳನ್ನು ಮೂಲ ಮತ್ತು ವ್ಯುತ್ಪನ್ನ ಎಂದು ವಿಂಗಡಿಸಿದರು. ಉದ್ದವನ್ನು ಉದ್ದಕ್ಕೆ ಜೋಡಿಸಿ ಕೂಡಿಸಬಹುದು, ಆದ್ದರಿಂದ ಅದು ಮೂಲ. ಸಾಂದ್ರತೆಯನ್ನು ಹಾಗೆ ಕೂಡಿಸಲಾಗದು, ಆದ್ದರಿಂದ ವ್ಯುತ್ಪನ್ನ. ಇದು ಪರಿಮಾಣಗಳ ವಿಂಗಡಣೆ. ಶಾಲೆಯದು ವಿಧಾನಗಳ ವಿಂಗಡಣೆ. ಪರ್ವತದ ಎತ್ತರ ಕ್ಯಾಂಪ್‌ಬೆಲ್‌ರ ಲೆಕ್ಕದಲ್ಲಿ ಮೂಲ ಪರಿಮಾಣವೇ, ಅದನ್ನು ಪಡೆಯುವ ದಾರಿ ಮಾತ್ರ ಪರೋಕ್ಷ. ಇವೆರಡನ್ನೂ ಒಂದೇ ಎಂದು ಬರೆದ ಕೈಪಿಡಿಗಳನ್ನು ಎಚ್ಚರದಿಂದ ಓದಬೇಕು.

ಥೇಲ್ಸ್ ಮತ್ತು ಪಿರಮಿಡ್: ಪರೋಕ್ಷ ಅಳತೆಯ ಇತಿಹಾಸವನ್ನು ಕ್ರಿ.ಪೂ. 6ನೇ ಶತಮಾನದ ಮಿಲೇಟಸ್‌ನ ಥೇಲ್ಸ್‌ನಿಂದ ಆರಂಭಿಸುವುದು ವಾಡಿಕೆ. ಅವನ ಬರಹ ಯಾವುದೂ ಉಳಿದಿಲ್ಲ, ಉಳಿದಿರುವ ಕಥೆಗಳೂ ಒಂದಕ್ಕೊಂದು ಹೊಂದುವುದಿಲ್ಲ. ಕ್ರಿ.ಶ. 3ನೇ ಶತಮಾನದ ಡಯೋಜಿನೀಸ್ ಲೇರ್ಷಿಯಸ್, ರೋಡ್ಸ್‌ನ ಹಿಯರೋನಿಮಸ್‌ನ ಮಾತನ್ನು ಆಧರಿಸಿ, ಮನುಷ್ಯನ ನೆರಳು ಅವನ ಎತ್ತರಕ್ಕೆ ಸಮನಾಗುವ ಹೊತ್ತಿನಲ್ಲಿ ಥೇಲ್ಸ್ ಪಿರಮಿಡ್‌ನ ನೆರಳನ್ನು ಅಳೆದನೆನ್ನುತ್ತಾನೆ. ಪ್ಲುಟಾರ್ಕ್ ಹೇಳುವುದು ಬೇರೆ: ನೆರಳಿನ ತುದಿಯಲ್ಲಿ ಕೋಲು ನೆಟ್ಟು, ಎರಡು ನೆರಳುಗಳ ಅನುಪಾತದಿಂದ ಎತ್ತರವನ್ನು ತಿಳಿದನಂತೆ. ಮೊದಲನೆಯದಕ್ಕೆ ಸಮದ್ವಿಬಾಹು ತ್ರಿಭುಜದ ಅರಿವು ಸಾಕು, ಎರಡನೆಯದಕ್ಕೆ ಅನುಪಾತದ ಸಾಮಾನ್ಯ ನಿಯಮ ಬೇಕು. ತರಗತಿಗಳಲ್ಲಿ ಹೆಚ್ಚಾಗಿ ಹೇಳುವುದು ಎರಡನೆಯ ಕಥೆ. ಇವೆರಡರಲ್ಲಿ ಹಳೆಯ ಆಧಾರವಿರುವುದು ಮೊದಲನೆಯದಕ್ಕೆ.

ಎರಡು ಕಥೆಗಳೂ ಒಂದು ತೊಡಕನ್ನು ಬಿಟ್ಟುಬಿಡುತ್ತವೆ. ನೆರಳನ್ನು ಶಿಖರದ ನೇರ ಕೆಳಗಿನ ಬಿಂದುವಿನಿಂದ ಅಳೆಯಬೇಕು, ಆ ಬಿಂದುವಾದರೋ ಕಲ್ಲಿನ ಒಡಲೊಳಗಿದೆ. ಗೀಜಾದ ದೊಡ್ಡ ಪಿರಮಿಡ್‌ನ ಪಾದ ಸುಮಾರು 230 ಮೀಟರ್, ಮೂಲ ಎತ್ತರ ಸುಮಾರು 146.6 ಮೀಟರ್. ಸೂರ್ಯ ಒಂದು ಮುಖಕ್ಕೆ ನೇರವಾಗಿ 45 ಡಿಗ್ರಿ ಎತ್ತರದಲ್ಲಿದ್ದರೆ ಪಾದದಿಂದ ಹೊರಗೆ ಕಾಣುವ ನೆರಳು ಸುಮಾರು 32 ಮೀಟರ್ ಮಾತ್ರ. ಉಳಿದ 115 ಮೀಟರನ್ನು ಪಾದದ ಅರ್ಧವೆಂದು ಲೆಕ್ಕದಿಂದಲೇ ಸೇರಿಸಬೇಕು.

ಭಾರತ ಮತ್ತು ಚೀನಾ: ಶುಲ್ಬಸೂತ್ರಗಳ ಹಗ್ಗದ ಅಳತೆ ನೇರವಾದದ್ದು. ನೆರಳಿನ ಲೆಕ್ಕಕ್ಕೆ ಇಲ್ಲಿನ ಉಪಕರಣ ಶಂಕು, ಅಂದರೆ ನೆಟ್ಟಗೆ ನಿಲ್ಲಿಸಿದ ಕೋಲು, ಸಾಮಾನ್ಯವಾಗಿ 12 ಅಂಗುಲದ್ದು. ಆರ್ಯಭಟೀಯ (499) ಒಂದೇ ಎತ್ತರದ ಎರಡು ಶಂಕುಗಳ ನೆರಳುಗಳನ್ನೂ ನೆರಳ ತುದಿಗಳ ಅಂತರವನ್ನೂ ಹಿಡಿದು, ಬುಡಕ್ಕೆ ಹೋಗದೆಯೇ ದೀಪದ ಎತ್ತರ ಪಡೆಯುವ ನಿಯಮ ಕೊಡುತ್ತದೆ. ಚೀನಾದ ಲಿಯು ಹುಯಿ 263ರಲ್ಲಿ ಸಮುದ್ರದ ನಡುವಿನ ದ್ವೀಪದ ಎತ್ತರಕ್ಕೆ ಎರಡು ಕಂಬಗಳಿಂದ ಇಂಥದೇ ಲೆಕ್ಕ ಮಾಡಿದ್ದ. ಹೋಲಿಕೆಯೊಂದನ್ನೇ ನಂಬಿ ಒಂದು ಇನ್ನೊಂದರಿಂದ ಬಂತೆನ್ನಲಾಗದು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದ ಕೊನೆಯ ಅಧ್ಯಾಯವನ್ನು ಪೂರ್ತಿ ಛಾಯಾ ವ್ಯವಹಾರಕ್ಕೆ ಬಿಟ್ಟಿದ್ದಾನೆ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಪ್ರಕಟಿಸಿದ ಈ ಗ್ರಂಥದ ಕನ್ನಡ ಅನುವಾದ ಪದ್ಮಾವತಮ್ಮ ಅವರಿಂದ 2000ದಲ್ಲಿ ಹೊಂಬುಜದಿಂದ ಬಂತು. ಭಾಸ್ಕರಾಚಾರ್ಯನ ಲೀಲಾವತಿಯ ನೆರಳಿನ ಲೆಕ್ಕಗಳು ಹೆಚ್ಚು ಪರಿಚಿತವಾದುವು.

ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ: ನೇರ ಮತ್ತು ಪರೋಕ್ಷ ಅಳತೆಗಳು ಒಂದನ್ನೊಂದು ಹೇಗೆ ಆತುಕೊಂಡಿವೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ದಾಖಲೆಯಿಲ್ಲ. ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆಯತೊಡಗಿದರು. ಅಲ್ಲಿಂದ ಮುಂದೆ ಥಿಯೊಡೊಲೈಟ್‌ನಿಂದ ಕೋನಗಳನ್ನು ಮಾತ್ರ ನೋಡಿ, ತ್ರಿಭುಜದ ಮೇಲೆ ತ್ರಿಭುಜ ಕಟ್ಟಿ ದೂರಗಳನ್ನು ಲೆಕ್ಕದಿಂದ ಪಡೆದರು. ಲೆಕ್ಕ ಸರಿಯೇ ಎಂದು ನೋಡಲು 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ಸರಪಳಿಯಿಂದಲೇ ಅಳೆಸಿದರು. ಲೆಕ್ಕದ ಉದ್ದಕ್ಕೂ ಸರಪಳಿಯ ಉದ್ದಕ್ಕೂ ಬಂದ ವ್ಯತ್ಯಾಸ ಕೆಲವೇ ಅಂಗುಲ.

ಇದೇ ಜಾಲ ಹಿಮಾಲಯವನ್ನು ಮುಟ್ಟಿದಾಗ ನೇಪಾಳ ವಿದೇಶೀಯರಿಗೆ ಮುಚ್ಚಿತ್ತು. 'ಪೀಕ್ 15' ಎಂಬ ಶಿಖರವನ್ನು, ಅಂದರೆ ಇಂದಿನ ಎವರೆಸ್ಟನ್ನು, 1849-50ರಲ್ಲಿ ಬಯಲಿನ ಆರು ಠಾಣೆಗಳಿಂದ, 160 ಕಿಲೋಮೀಟರಿಗೂ ಹೆಚ್ಚು ದೂರದಿಂದ ನೋಡಲಾಯಿತು. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ. ಸರಾಸರಿ ಸರಿಯಾಗಿ 29,000 ಬಂದದ್ದರಿಂದ, ಜನ ಅದನ್ನು ಅಂದಾಜೆಂದುಕೊಂಡಾರೆಂದು ಸರ್ವೇಕ್ಷಣೆಯ ಮುಖ್ಯಸ್ಥ ಆಂಡ್ರ್ಯೂ ವಾ 2 ಅಡಿ ಸೇರಿಸಿದರೆಂಬ ಕಥೆ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಿದೆ. ದಾಖಲಾದ ಆರು ಬೆಲೆಗಳು ಹೀಗಿವೆ: 28,991.6, 29,005.3, 29,001.8, 28,998.6, 29,026.1, 28,990.4. ಇವುಗಳ ಸರಾಸರಿ 29,002.3. ಕಥೆಯನ್ನು ಕೈಬಿಡಲು ಅಷ್ಟು ಸಾಕು. ಗಮನಿಸಬೇಕಾದದ್ದು ಅತಿ ಹೆಚ್ಚು ಮತ್ತು ಅತಿ ಕಡಿಮೆ ಬೆಲೆಗಳ ನಡುವಿನ 35.7 ಅಡಿಯ ಅಂತರ. ಅದಕ್ಕೆ ಮುಖ್ಯ ಕಾರಣಗಳಲ್ಲೊಂದು ಗಾಳಿಯಲ್ಲಿ ಬೆಳಕು ಬಾಗುವುದು.

ಪೀಕ್ 15 ಜಗತ್ತಿನ ಅತ್ಯುನ್ನತ ಶಿಖರವೆಂದು 1852ರಲ್ಲಿ ಮೊದಲು ಕಂಡವರು ಗಣಕ ರಾಧಾನಾಥ ಶಿಕ್ದಾರ್ ಎಂಬುದು ಪ್ರಸಿದ್ಧ. ಅವರು 1849ರಲ್ಲೇ ಕಲ್ಕತ್ತೆಗೆ ಹೋಗಿದ್ದರು, ಲೆಕ್ಕ ನಡೆದದ್ದು ಡೆಹ್ರಾಡೂನಿನಲ್ಲಿ ಎಂಬ ಆಕ್ಷೇಪವೂ ಇದೆ. ಹಲವರು ಕೋನ ನೋಡಿ, ಹಲವರು ವರ್ಷಗಟ್ಟಲೆ ತಿದ್ದಿದ ಲೆಕ್ಕಕ್ಕೆ ಒಬ್ಬ ಶೋಧಕನನ್ನು ಹುಡುಕುವುದೇ ಅಷ್ಟು ಸರಿಯಲ್ಲ. 1954ರಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆಯ ಬಿ.ಎಲ್. ಗುಲಾಟಿ ಎತ್ತರವನ್ನು 29,028 ಅಡಿ (8,848 ಮೀಟರ್) ಎಂದು ತಿದ್ದಿದರು. 2020ರ ಡಿಸೆಂಬರ್‌ನಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ ಘೋಷಿಸಿದ್ದು 8,848.86 ಮೀಟರ್. ಇದಕ್ಕಾಗಿ ಉಪಗ್ರಹ ಗ್ರಾಹಕಗಳನ್ನು ಶಿಖರದ ಮೇಲೇ ಇಡಲಾಗಿತ್ತು. ಆದರೂ ಅಳತೆ ನೇರವಾಗಲಿಲ್ಲ: ಉಪಗ್ರಹ ಸಂಕೇತಗಳು ಬಂದು ತಲುಪುವ ಕಾಲದಿಂದ ದೂರ, ದೂರಗಳಿಂದ ಸ್ಥಾನ, ಆಮೇಲೆ ಸಮುದ್ರಮಟ್ಟದ ಮಾದರಿಯಿಂದ ಎತ್ತರ, ಹೀಗೆ ಎಲ್ಲವೂ ಲೆಕ್ಕವೇ.

ತರಗತಿಯಲ್ಲಿ: ಕೆಳ ತರಗತಿಗಳಲ್ಲಿ ಗೇಣು, ಮೊಳ, ಸ್ಕೇಲುಗಳ ನೇರ ಅಳತೆ ಮೊದಲು ಬರುತ್ತದೆ. ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ಪುಸ್ತಕ ತ್ರಿಭುಜಗಳ ಅಧ್ಯಾಯದ ಪೀಠಿಕೆಯಲ್ಲಿ ಎವರೆಸ್ಟ್ ಮತ್ತು ಚಂದ್ರನನ್ನು ಹೆಸರಿಸಿ, ಪರೋಕ್ಷ ಅಳತೆಗೆ ಸಮರೂಪತೆಯೇ ಆಧಾರವೆಂದು ಹೇಳುತ್ತದೆ. ಉನ್ನತ ಕೋನ, ಅವನತ ಕೋನಗಳು ತ್ರಿಕೋನಮಿತಿಯ ಅನ್ವಯಗಳಲ್ಲಿ ಬರುತ್ತವೆ. ಕೋನಮಾಪಕಕ್ಕೆ ದಾರ ಮತ್ತು ತೂಕ ಕಟ್ಟಿ ಕ್ಲೈನೋಮೀಟರ್ ಮಾಡಿಸಿ, ಧ್ವಜಸ್ತಂಭವನ್ನು ಅಳೆಸುವ ಶಿಕ್ಷಕರೂ ಇದ್ದಾರೆ. ಪರೀಕ್ಷೆಯ ಲೆಕ್ಕಗಳಲ್ಲಿ ಮಾತ್ರ ದೂರವೂ ಕೋನವೂ ಸಿದ್ಧವಾಗಿ ಬರುತ್ತವೆ, ಕೋನ ಬಹುಪಾಲು 30, 45 ಅಥವಾ 60 ಡಿಗ್ರಿ. ಆರು ಕಡೆಯಿಂದ ನೋಡಿದರೆ ಆರು ಉತ್ತರ ಬಂದೀತೆಂಬ ಅಂಶಕ್ಕೆ ಅಲ್ಲಿ ಎಡೆಯಿಲ್ಲ.