ಕಡೂರು ಸೀಮೆಯಿಂದ ಕಂಡ ಡಯಾಲಿಸಿಸ್ ಸಂಶೋಧನೆ

ಮೂತ್ರಪಿಂಡಗಳು ರಕ್ತವನ್ನು ಸೋಸುವ ವೇಗ ನಿಮಿಷಕ್ಕೆ 15 ಮಿಲಿಲೀಟರ್‌ಗಿಂತ ಕೆಳಗಿಳಿದಾಗ ರೋಗ ಕೊನೆಯ ಹಂತ ಮುಟ್ಟಿತೆಂದು ವೈದ್ಯಶಾಸ್ತ್ರ ಪರಿಗಣಿಸುತ್ತದೆ. ಆಗ ಉಳಿಯುವುದು ಎರಡೇ ಮುಖ್ಯ ದಾರಿ: ಕಸಿ, ಇಲ್ಲವೇ ಡಯಾಲಿಸಿಸ್, ಅಂದರೆ ತೆಳುವಾದ ಪೊರೆಯೊಂದರ ಮೂಲಕ ರಕ್ತದ ಕಲ್ಮಷವನ್ನು ಹೊರಗೆ ಸೆಳೆಯುವ ಕ್ರಮ. ಎಂಬತ್ತು ವರ್ಷಗಳ ಈ ಸಂಶೋಧನೆ ಯಂತ್ರದ ಸುತ್ತ ಆರಂಭವಾಗಿ, ರೋಗಿಯ ದೇಹದತ್ತ ತಿರುಗಿ, ಈಚೆಗೆ ಆತನ ಊರು ಮತ್ತು ದಾರಿಯತ್ತ ಬಂದಿದೆ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಮಟ್ಟಿಗೆ ಈ ಕೊನೆಯ ತಿರುವೇ ಎಲ್ಲಕ್ಕಿಂತ ಮುಖ್ಯವಾದದ್ದು.

ನೆದರ್‌ಲೆಂಡ್ಸ್‌ನ ಕಾಂಪೆನ್ ಪಟ್ಟಣದಲ್ಲಿ ವಿಲೆಮ್ ಕೋಲ್ಫ್ 1943ರಲ್ಲಿ ಸೆಲ್ಲೋಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ ಕಟ್ಟಿದ ಯಂತ್ರ, ಮೂತ್ರಪಿಂಡ ಹಠಾತ್ತನೆ ಕೆಲಸ ನಿಲ್ಲಿಸಿದವರನ್ನು ಕೆಲವು ದಿನ ಕಾಯುವುದಕ್ಕಾಗಿ ಹುಟ್ಟಿದ್ದೇ ಹೊರತು ವರ್ಷಗಟ್ಟಲೆ ಬದುಕಿಸುವುದಕ್ಕಲ್ಲ. ಪ್ರತಿ ಸಲವೂ ಹೊಸ ರಕ್ತನಾಳವನ್ನು ಹುಡುಕಬೇಕಾಗಿದ್ದುದೇ ಅದರ ಮಿತಿಯಾಗಿತ್ತು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲೇ ಉಳಿಯುವ ಟೆಫ್ಲಾನ್ ನಳಿಕೆಯಿಂದ ಆ ಮಿತಿಯನ್ನು ದಾಟಿದರು. 1966ರಲ್ಲಿ ಬ್ರೆಷಿಯಾ, ಸಿಮಿನೊ ಮತ್ತು ಸಂಗಡಿಗರು ಮುಂಗೈಯ ಅಪಧಮನಿಯನ್ನೂ ಅಭಿಧಮನಿಯನ್ನೂ ಸೇರಿಸಿ ಹೊಲಿಯುವ ಫಿಸ್ಟುಲಾ ಕ್ರಮವನ್ನು ಪ್ರಕಟಿಸಿದರು. ಚೆನ್ನಾಗಿ ಪಕ್ವಗೊಂಡ ಫಿಸ್ಟುಲಾದ ಮೇಲೆ ಬೆರಳಿಟ್ಟರೆ ಚರ್ಮದಡಿ ಜೇನುನೊಣ ಮಿಸುಕಿದಂಥ ನಡುಕ ತಿಳಿಯುತ್ತದೆ, ಮತ್ತು ಬೆಳಗ್ಗೆ ಎದ್ದೊಡನೆ ಆ ನಡುಕ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುವುದು ರೋಗಿಯ ನಿತ್ಯದ ರೂಢಿಯಾಗುತ್ತದೆ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲವಾದ್ದರಿಂದ ಅಡಿಕೆ ಗೊನೆ ಹೊರುವವನ, ತೆಂಗಿನಕಾಯಿ ಮೂಟೆ ಎತ್ತುವವನ ದುಡಿಮೆಯ ರೀತಿಯೇ ಬದಲಾಗಬೇಕಾಗುತ್ತದೆ. ಫಿಸ್ಟುಲಾ ಪಕ್ವವಾಗಲು ವಾರಗಳು ಬೇಕು; ಉಸಿರು ಕಟ್ಟಿ, ಕಾಲು ಊದಿದ ಮೇಲೆ ಆಸ್ಪತ್ರೆಗೆ ಬಂದವರಿಗೆ ಆ ಕಾಲಾವಕಾಶ ಇರುವುದಿಲ್ಲವಾದ್ದರಿಂದ ಕುತ್ತಿಗೆಯ ನಾಳಕ್ಕೆ ನಳಿಕೆ ಹಾಕಬೇಕಾಗುತ್ತದೆ, ಅದರೊಡನೆ ಸೋಂಕಿನ ಭಯವೂ ಬರುತ್ತದೆ.

ಎಷ್ಟು ಸೋಸಿದರೆ ಸಾಕೆಂಬ ಪ್ರಶ್ನೆ ಮುಂದಿನ ಮೂರು ದಶಕಗಳನ್ನು ಆಳಿತು. ಯೂರಿಯಾ ಎಷ್ಟು ಹೊರಹೋಯಿತೆಂಬುದನ್ನು ದೇಹದ ನೀರಿನ ಪ್ರಮಾಣದೊಡನೆ ಹೋಲಿಸುವ ಅಳತೆಯನ್ನು 1985ರಲ್ಲಿ ಗಾಚ್ ಮತ್ತು ಸಾರ್ಜೆಂಟ್ ನೆಲೆಗೊಳಿಸಿದರು. ಆದರೆ 2002ರಲ್ಲಿ ಪ್ರಕಟವಾದ, 1,846 ರೋಗಿಗಳ ‘ಹೀಮೊ’ ಅಧ್ಯಯನವು, ವಾರಕ್ಕೆ ಮೂರು ಸಲದ ಕ್ರಮದಲ್ಲಿ ಆ ಪ್ರಮಾಣವನ್ನು ಇನ್ನಷ್ಟು ಏರಿಸಿದರೂ ಸಾವು ಗಣನೀಯವಾಗಿ ತಗ್ಗದೆಂದು ತೋರಿಸಿತು. ಡಯಾಲಿಸಿಸ್ಸನ್ನು ಬೇಗ ಆರಂಭಿಸಿದ ಮಾತ್ರಕ್ಕೆ ಆಯುಷ್ಯ ಹೆಚ್ಚದೆಂದು 2010ರ ‘ಐಡಿಯಲ್’ ಅಧ್ಯಯನ ಕಂಡುಕೊಂಡಿತು. ಎರಡು ಸರದಿಗಳ ನಡುವೆ ಎರಡು ದಿನದ ಬಿಡುವು ಬಿದ್ದ ಮರುದಿನ ಸಾವೂ ಹೃದಯಾಘಾತವೂ ಹೆಚ್ಚೆಂದು 2011ರ ಅಮೆರಿಕದ ವಿಶ್ಲೇಷಣೆ ಹೇಳಿತು. ವಾರಕ್ಕೆ ಎರಡೇ ಸಲ ಡಯಾಲಿಸಿಸ್ ಪಡೆಯುವವರು ಬಹಳ ಮಂದಿ ಇರುವ ಭಾರತದಲ್ಲಿ ಈ ಕೊನೆಯ ಫಲಿತಾಂಶವನ್ನು ಇನ್ನೂ ಗಂಭೀರವಾಗಿ ಓದಬೇಕಾಗಿದೆ.

ಸಂಶೋಧನೆಯಲ್ಲಿ ಕಡಿಮೆ ಮಾತಿಗೆ ಬರುವ, ಬಯಲುಸೀಮೆಗೆ ಮಾತ್ರ ಅತಿ ನಿಕಟವಾದ ವಿಷಯ ನೀರು. ನಿಮಿಷಕ್ಕೆ 500 ಮಿಲಿಲೀಟರ್‌ನಂತೆ ನಾಲ್ಕು ಗಂಟೆಯ ಒಂದು ಸರದಿಗೆ 120 ಲೀಟರ್ ಶುದ್ಧ ದ್ರವ ಬೇಕಾಗುತ್ತದೆ, ಮತ್ತು ಅಷ್ಟನ್ನು ಶುದ್ಧೀಕರಿಸುವಾಗ ವ್ಯರ್ಥವಾಗಿ ಹರಿದುಹೋಗುವ ನೀರು ಈ ಲೆಕ್ಕದ ಹೊರಗಿದೆ. ಕುಡಿಯುವ ನೀರನ್ನು ಕರುಳು ಆಯ್ದು ಹೀರುತ್ತದೆ; ಇಲ್ಲಿ ರಕ್ತಕ್ಕೂ ನೀರಿಗೂ ನಡುವೆ ಪೊರೆಯೊಂದೇ ಇರುತ್ತದೆ. 1970ರ ದಶಕದಲ್ಲಿ ನೀರಿನ ಅಲ್ಯೂಮಿನಿಯಂ ಮೆದುಳಿಗೂ ಮೂಳೆಗೂ ಸೇರಿ ರೋಗಿಗಳ ಮಾತು, ಬುದ್ಧಿ ಕುಂದಿದ್ದು ಪತ್ತೆಯಾಯಿತು. 1993ರಲ್ಲಿ ಶಿಕಾಗೋದ ಕೇಂದ್ರವೊಂದರಲ್ಲಿ ನೀರು ಶುದ್ಧೀಕರಿಸುವ ರಾಳದ ಶಕ್ತಿ ತೀರಿ, ಅದು ಹಿಡಿದಿಟ್ಟ ಫ್ಲೋರೈಡ್ ಒಮ್ಮೆಲೇ ಹೊರಬಿದ್ದು 12 ಮಂದಿ ಅಸ್ವಸ್ಥರಾದರು, ಮೂವರು ಮೃತಪಟ್ಟರು. ಕೊಳವೆಬಾವಿಯ ಗಡಸು ನೀರನ್ನೂ ಕೆಲವೆಡೆ ಅದರಲ್ಲಿನ ಫ್ಲೋರೈಡನ್ನೂ ಬಲ್ಲ ಕಡೂರು ಸೀಮೆಗೆ ಇದು ದೂರದ ಕಥೆಯಲ್ಲ: ಗಡಸುತನ ತೆಗೆಯುವ ತೊಟ್ಟಿ, ಇದ್ದಿಲಿನ ಸೋಸುಕ, ಆರ್‌ಒ ಘಟಕ, ಕಾಲಕಾಲಕ್ಕೆ ನೀರಿನ ಪರೀಕ್ಷೆ, ಇವು ಯಂತ್ರದಷ್ಟೇ ಚಿಕಿತ್ಸೆಯ ಭಾಗ.

ರೋಗಿಗಳು ಎಷ್ಟಿದ್ದಾರೆಂಬ ಪ್ರಶ್ನೆಗೆ ಈ ಭಾಗದ ಅತ್ಯಂತ ಬೆಲೆಯುಳ್ಳ ಉತ್ತರ ನೆರೆಯ ಶಿವಮೊಗ್ಗದಿಂದ ಬಂದಿದೆ. ಅಲ್ಲಿನ ಹಳ್ಳಿಗಳ 2,091 ವಯಸ್ಕರನ್ನು ಪರೀಕ್ಷಿಸಿದ ವೈ. ಜೆ. ಅನುಪಮಾ ಮತ್ತು ಜಿ. ಉಮಾ ಅವರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ರಕ್ತ ಸೋಸುವ ವೇಗವನ್ನು ಅಂದಾಜಿಸುವ ಒಂದು ಸೂತ್ರದಂತೆ ಶೇ. 6.3ರಷ್ಟು, ಇನ್ನೊಂದರಂತೆ ಶೇ. 16ಕ್ಕೂ ಮೇಲ್ಪಟ್ಟು ಜನರಲ್ಲಿ ದೀರ್ಘಕಾಲೀನ ಮೂತ್ರಪಿಂಡ ರೋಗವಿತ್ತು. ಪಶ್ಚಿಮದ ಜನರ ಮೈಕಟ್ಟಿಗೆ ಹೊಲಿದ ಸೂತ್ರಗಳು ನಮ್ಮ ಹಳ್ಳಿಗರ ಅಳತೆಗೆ ಎಷ್ಟು ಹೊಂದುತ್ತವೆಂಬ ಸಂದೇಹವನ್ನು ಆ ಅಂತರ ಎಬ್ಬಿಸುತ್ತದೆ. ಆರಂಭದ ಹಂತದಲ್ಲಿ ಈ ರೋಗ ನೋಯುವುದಿಲ್ಲ, ಆದ್ದರಿಂದ ಬಿಪಿ ಮತ್ತು ಸಕ್ಕರೆ ಕಾಯಿಲೆ ಇರುವವರ ಮೂತ್ರ, ಕ್ರಿಯಾಟಿನಿನ್ ಪರೀಕ್ಷೆಯೇ ಅದನ್ನು ಹಿಡಿಯುವ ಬಲೆ.

ದೇಶದಲ್ಲಿ ಪ್ರತಿವರ್ಷ ಸುಮಾರು 2.2 ಲಕ್ಷ ಹೊಸ ರೋಗಿಗಳು ಕೊನೆಯ ಹಂತ ತಲುಪುತ್ತಾರೆಂಬ ಅಂದಾಜಿನೊಡನೆ 2016ರ ಕೇಂದ್ರ ಬಜೆಟ್ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಘೋಷಿಸಿತು. ಕರ್ನಾಟಕದಲ್ಲಿ ಈ ಸೇವೆ ತಾಲ್ಲೂಕು ಆಸ್ಪತ್ರೆಗಳಿಗೆ ಇಳಿಯಿತು, 2024ರಲ್ಲಿ ಸರ್ಕಾರಿ ಕೇಂದ್ರಗಳಿಗೆ ಒಮ್ಮೆ ಮಾತ್ರ ಬಳಸುವ ಸೋಸುಕಗಳೂ ಬಂದವು. ಹೊಟ್ಟೆಯ ಒಳಪೊರೆಯನ್ನೇ ಸೋಸುಕವಾಗಿಸಿಕೊಂಡು ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್, 1976ರಲ್ಲಿ ಪೊಪೊವಿಚ್ ಮತ್ತು ಮಾಂಕ್ರೀಫ್ ಅದನ್ನು ವಿವರಿಸಿದಂದಿನಿಂದ ಬೆಳೆದಿದ್ದರೂ, ಅದು ಅತ್ಯಂತ ಅನುಕೂಲವಾಗಬಹುದಾದ ದೂರದ ಹಳ್ಳಿಗಳಲ್ಲೇ ವಿರಳವಾಗಿದೆ.

ಫಲಿತಾಂಶವನ್ನು ಯಾರ ಕಣ್ಣಿನಿಂದ ಅಳೆಯಬೇಕೆಂಬ ಚರ್ಚೆ ಈ ಕ್ಷೇತ್ರದ ಹೊಸ ಅಧ್ಯಾಯ. ಹಲವು ದೇಶಗಳ ರೋಗಿಗಳು, ಮನೆಯವರು, ವೈದ್ಯರು ಸೇರಿದ ‘ಸಾಂಗ್’ ಎಂಬ ಪ್ರಯತ್ನವು ಸಾವು, ಹೃದ್ರೋಗ, ಫಿಸ್ಟುಲಾದ ಸ್ಥಿತಿಗಳ ಸಾಲಿನಲ್ಲೇ ಆಯಾಸವನ್ನೂ ಇರಿಸಿತು. ಅದನ್ನು ಅಳೆಯಲು ರೂಪಿಸಿದ ಪ್ರಶ್ನೆಗಳು ಮೂರೇ: ಸುಸ್ತಾಗುತ್ತದೆಯೇ, ಚೈತನ್ಯ ಇಲ್ಲವೆನಿಸುತ್ತದೆಯೇ, ನಿತ್ಯದ ಕೆಲಸಕ್ಕೆ ಅದು ಅಡ್ಡಿಯಾಗುತ್ತದೆಯೇ. ನಾಲ್ಕು ಗಂಟೆ ಯಂತ್ರಕ್ಕೆ ಜೋಡಿಸಿಕೊಂಡು ಕೂತು, ಹತ್ತಿ ಒತ್ತಿದ ಕೈಯನ್ನು ಎದೆಗಾನಿಸಿ, ಅಜ್ಜಂಪುರದ ಆಚಿನ ಹಳ್ಳಿಗೆ ಬಸ್ಸು ಕಾಯುವವನ ಆಯಾಸದಲ್ಲಿ ರೋಗದ್ದೆಷ್ಟು, ದಾರಿಯದ್ದೆಷ್ಟು ಎಂದು ಬೇರ್ಪಡಿಸಿ ಅಳೆಯುವ ಅಧ್ಯಯನ ಈ ಮೂರು ತಾಲ್ಲೂಕುಗಳಲ್ಲೇ ನಡೆಯಬೇಕಾದದ್ದು.