ಅಸ್ಥಿಮಜ್ಜೆಯ ಕಸಿ: ಶ್ವಾಸಕೋಶದ ಉಪದ್ರವಗಳು

ರಕ್ತದ ಅರ್ಬುದ, ಥಲಸ್ಸೀಮಿಯ ಮೊದಲಾದ ವ್ಯಾಧಿಗಳಲ್ಲಿ ಕೆಟ್ಟ ಮಜ್ಜೆಯನ್ನು ತೀಕ್ಷ್ಣ ಔಷಧಗಳಿಂದಲೂ ಕೆಲವೊಮ್ಮೆ ವಿಕಿರಣದಿಂದಲೂ ನಿರ್ಮೂಲಗೊಳಿಸಿ, ದಾನಿಯ ಆಕರಕೋಶಗಳನ್ನು ರಕ್ತನಾಳದ ಮೂಲಕ ಸೇರಿಸಿದ ಬಳಿಕ ಶ್ವಾಸಕೋಶಗಳಲ್ಲಿ ತಲೆದೋರುವ ವಿಕಾರಗಳು. 1957ರಲ್ಲಿ ಈ ಚಿಕಿತ್ಸೆಯ ಮೊದಲ ಪ್ರಯೋಗಗಳನ್ನು ಪ್ರಕಟಿಸಿದ ಅಮೆರಿಕದ ಡಾನಲ್ ಥಾಮಸನು 1990ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರನಾದನು. ಭಾರತದಲ್ಲಿ ಇದು 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾಯಿತು. ಗದಗ-ಬೆಟಗೇರಿಯ ರೋಗಿ ಕಸಿಗಾಗಿ ಬೆಂಗಳೂರಿನಂಥ ದೂರದ ನಗರಕ್ಕೆ ಹೋದರೂ ಉಪದ್ರವವು ಅವನು ಊರಿಗೆ ಮರಳಿದ ಮೇಲೂ ಬರಬಲ್ಲದು.

ಕಾರಣವನ್ನು ಅರಸುವ ವೈದ್ಯನು ಮೊದಲು ದಿನಗಳನ್ನೆಣಿಸುತ್ತಾನೆ. ಬಿಳಿ ರಕ್ತಕಣಗಳಿಲ್ಲದ ಮೊದಲ ತಿಂಗಳಲ್ಲಿ ಬ್ಯಾಕ್ಟೀರಿಯ, ಶಿಲೀಂಧ್ರಗಳ ಸೋಂಕು ಮತ್ತು ವಾಯುಕೋಶಗಳೊಳಗಣ ರಕ್ತಸ್ರಾವ. ಅಲ್ಲಿಂದ ನೂರನೆಯ ದಿನದವರೆಗೆ ಸೈಟೊಮೆಗಲೊ ವೈರಸ್ಸಿನ ಭಯ. ನ್ಯುಮೊಸಿಸ್ಟಿಸ್ ಸೋಂಕನ್ನು ಕೊಟ್ರೈಮಾಕ್ಸಜೋಲ್ ಎಂಬ ಅಗ್ಗದ ಮಾತ್ರೆ ಬಹುಮಟ್ಟಿಗೆ ತಡೆಯುತ್ತದೆ.

ಶಿಲೀಂಧ್ರಗಳಲ್ಲಿ ಆಸ್ಪರ್ಜಿಲಸ್ ಅತಿಘೋರವಾದುದು. ಆದರೆ ಅದು ಅಪರಿಚಿತವಾದುದಲ್ಲ. ಮುಂಡರಗಿ, ಶಿರಹಟ್ಟಿಗಳ ಕಡೆ ಮಳೆಗೆ ನೆನೆದ ಬಣವೆಯ ಬುಡದಿಂದ ಜೋಳದ ಕಣಿಕೆಯನ್ನು ಎಳೆದಾಗ ಮೂಗಿಗೆ ಅಡರುವ ಬೂಷ್ಟಿನ ಧೂಳಿಯಲ್ಲಿ ಇದರ ಬೀಜಕಣಗಳು ಹೇರಳ. ಆರೋಗ್ಯವಂತನಾದ ರೈತನು ಒಮ್ಮೆ ಸೀನಿ ಮರೆಯುವ ಆ ಧೂಳಿಯೇ ಕಸಿಗೊಂಡವನ ಪುಪ್ಪುಸದಲ್ಲಿ ಬೇರೂರಿ ರಕ್ತನಾಳಗಳನ್ನು ಭೇದಿಸಬಲ್ಲದಾದುದರಿಂದ, ಒಕ್ಕಣೆಯ ಕಣ, ದನದ ಕೊಟ್ಟಿಗೆ, ಕೆಡವುತ್ತಿರುವ ಹಳೆಯ ಮನೆ ಇವುಗಳಿಂದ ಅವನು ದೂರವಿರಬೇಕೆಂಬುದು ಔಷಧದಷ್ಟೇ ಮುಖ್ಯವಾದ ಪಥ್ಯ. ಒಕ್ಕಲುತನದ ಮನೆಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ.

ಸೋಂಕಿಲ್ಲದೆ ಬರುವ ವ್ಯಾಧಿಗಳಲ್ಲಿ ಶ್ವಾಸಕಿರುನಾಳಗಳ ಅವರೋಧವು ವಿಶೇಷ ಗಮನಕ್ಕೆ ಅರ್ಹವಾದುದು. ದಾನಿಯ ಕೋಶಗಳು ಆಶ್ರಯವಿತ್ತ ದೇಹವನ್ನೇ ಪರಕೀಯವೆಂದು ಬಗೆದು ಕಿರುನಾಳಗಳನ್ನು ಘಾಸಿಗೊಳಿಸಲು, ಅವು ಕಲೆಗಟ್ಟಿ ಮುಚ್ಚಿಹೋಗುತ್ತವೆ. ಜ್ವರವಿಲ್ಲ, ಕಫವಿಲ್ಲ, ಎಕ್ಸ್-ರೇ ಚಿತ್ರ ಎಷ್ಟೋ ವೇಳೆ ನಿರ್ಮಲ. ಲಕ್ಷ್ಮೇಶ್ವರದ ಸಂತೆಗೆ ನಡೆದು ಹೋಗುತ್ತಿದ್ದವನು ನಡುವೆ ಎರಡು ಕಡೆ ನಿಲ್ಲತೊಡಗುತ್ತಾನೆ, ಅಷ್ಟೇ. ಇದನ್ನು ಸಾಮಾನ್ಯ ದಮ್ಮೆಂದು ಭಾವಿಸುವುದು ಸಹಜವಾದರೂ ಅಪಾಯಕರ. ಏಕೆಂದರೆ ಕಲೆಗಟ್ಟಿದ ನಾಳ ಮತ್ತೆ ತೆರೆಯದು, ಸ್ಟೀರಾಯ್ಡ್, ಮಾಂಟೆಲುಕಾಸ್ಟ್ ಮೊದಲಾದ ಔಷಧಗಳು ಉಳಿದುದನ್ನು ಕಾಯಲು ಯತ್ನಿಸುತ್ತವೆ. ಸ್ಪೈರೊಮೀಟರಿನಲ್ಲಿ ಬಲವಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬೀಳುವ ಗಾಳಿ ನಿರೀಕ್ಷಿತ ಪ್ರಮಾಣದ ಶೇ. 75ಕ್ಕಿಂತ ಕಡಿಮೆಯಾಗಿ, ಹಿಂದಿನ ಅಳತೆಗಿಂತಲೂ ಇಳಿದಿದ್ದರೆ ಸಂಶಯ ಬಲಿಯುತ್ತದೆ. ಆದಕಾರಣ ಕಸಿಗೆ ಮುನ್ನ ತೆಗೆದ ಅಳತೆಯ ಕಾಗದವನ್ನು ರೋಗಿಯು ಊರಿನ ವೈದ್ಯನಲ್ಲಿಗೂ ಒಯ್ಯತಕ್ಕದ್ದು.